ಒಂದೂ ದೂರು ಬರದ ಆರು ತಿಂಗಳು

ಹಾಸ್ಟೆಲ್ ವಾರ್ಡನ್ ಆಗಿದ್ದೋನ ಮುಂದೆ ಯಾರೂ "ಮಕ್ಕಳು ದೇವರ ಸಮಾನ" ಅನ್ನಬಾರದು. ದೇವರಿಗಾದರೆ ನಾವು ಮಂಗಳಾರತಿ ಎತ್ತುತ್ತೀವಿ. ಈ ದೇವರುಗಳು ಊರವರ ಕೈಲಿ ನಮಗೇ ಎತ್ತಿಸ್ತಾರೆ. ಹನ್ನೊಂದು ವರ್ಷ ಆ ಕೆಲಸ ಮಾಡಿದೆ ನಾನು, ಒಂದು ವಾರ ಸುಮ್ಮನೆ ಕಳೀತು ಅನ್ನೋ ಹಾಗಿಲ್ಲ. ಒಂದು ರಾಮಾಯಣ ಮುಗಿಯೋಷ್ಟರಲ್ಲಿ ಇನ್ನೊಂದು ಶುರು. ಈಗ ಹೇಳಿದರೆ ಕೇಳಿದೋರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಾರೆ. ನಗಲಿ ಬಿಡಿ, ಅವರ ಗಂಟೇನು ಹೋಗಬೇಕು.

ಎಪ್ಪತ್ತರ ದಶಕದ ಮಾತು. ವಿಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ಅತ್ತಿಗುಪ್ಪೆ ಕಡೆ ಹೋಗೋ ದಾರಿಯಲ್ಲಿ ನಮ್ಮ ವಸತಿ ಶಾಲೆ. ಅರವತ್ತೆರಡು ಹುಡುಗರು. ಮುಕ್ಕಾಲು ಪಾಲು ದಾವಣಗೆರೆ, ಹುಬ್ಬಳ್ಳಿ, ಗದಗಿನ ಕಡೆಯವರು. ಬೆಳಿಗ್ಗೆ ಹತ್ತರಿಂದ ಸಾಯಂಕಾಲ ನಾಲ್ಕೂವರೆ ತನಕ ಅವರು ಮೇಷ್ಟ್ರುಗಳ ಪಾಲು. ನಾಲ್ಕೂವರೆ ಗಂಟೆ ಹೊಡೀತೋ, ನನ್ನ ಪಾಲು. ಆಟ, ಊಟ, ಸ್ನಾನ, ಜಗಳ, ಹೇನು, ತಿಗಣೆ ಎಲ್ಲಾ ನನ್ನ ತಲೆ ಮೇಲೆ. ಮೇಷ್ಟ್ರುಗಳು ಸೈಕಲ್ ಹತ್ತುವಾಗ ನನ್ನ ಮುಖ ನೋಡಿ ಒಂದು ನಗು ನಗೋರು. ಆ ನಗುವನ್ನ ನಾನು ಇವತ್ತಿಗೂ ಕ್ಷಮಿಸಿಲ್ಲ.

ಹಾಸ್ಟೆಲ್ಲಿನ ಹಿಂದೆ ಒಂದು ಕ್ವಾರ್ಟರ್ಸ್ ಇತ್ತು. ಎರಡು ಕೋಣೆ, ಒಂದು ಅಡುಗೆಮನೆ, ಬಾಗಿಲಲ್ಲಿ ಒಂದು ನುಗ್ಗೆಮರ. ವಾರ್ಡನ್‌ಗೆ ಅಂತಲೇ ಕಟ್ಟಿಸಿದ್ದು. ಅದರಲ್ಲಿ ಮುರಿದ ಬೆಂಚುಗಳು ವಾಸವಾಗಿದ್ದವು. ನಾನು ಹಾಸ್ಟೆಲ್ ಬಾಗಿಲ ಪಕ್ಕದ ಗೂಡಿನಂಥ ಕೋಣೆಯಲ್ಲಿದ್ದೆ. ನನ್ನ ಹೆಂಡತಿ ಮಗಳು ಸಿರಾ ಹತ್ತಿರದ ಹಳ್ಳಿಯಲ್ಲಿ, ಅವಳ ಅಣ್ಣನ ಮನೆಯಲ್ಲಿ. ಹೆಣ್ಣುಮಗಳಿಗೆ ತವರು ಅನ್ನೋದು ಬಂದ ಮೂರು ದಿನ ಚೆನ್ನ. ಇವಳು ಐದು ವರ್ಷದಿಂದ ಅಲ್ಲಿದ್ದಳು. ಅವಳ ಅತ್ತಿಗೆ ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲವಂತೆ, ಪಾತ್ರೆ ಕುಕ್ಕೋ ಸದ್ದಿನಲ್ಲೇ ಎಲ್ಲಾ ಹೇಳಿಬಿಡೋರಂತೆ. ನಾನು ಕೆಲಸಕ್ಕೆ ಸೇರಿದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು, ಈಗ ಸ್ಲೇಟು ಹಿಡಿದಿದ್ದಳು. ನಡುವೆ ಏನಾಯಿತು ಅಂತ ನಾನು ಕಾಗದದಲ್ಲಿ ಓದಿ ತಿಳ್ಕೊಂಡೋನು.

ಆ ಕ್ವಾರ್ಟರ್ಸ್ ಕೊಡಿ ಅಂತ ಅಧ್ಯಕ್ಷರನ್ನ ಕೇಳಿದೆ. ಅಧ್ಯಕ್ಷರು ಅಂದರೆ ನಮ್ಮ ಶಾಲೆ ಸಮಿತಿಯ ಯಜಮಾನರು, ರಾಜಾಜಿನಗರದ ದೊಡ್ಡ ವ್ಯಾಪಾರಸ್ಥರು. ಅವರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗಿಟ್ಟುಕೊಂಡರು.

"ಕೊಡೋಣಂತೆ ಕಣ್ರೀ. ಒಂದೇ ಷರತ್ತು. ಹುಡುಗರ ಮೇಲೆ ಆರು ತಿಂಗಳು ಹೊರಗಿಂದ ಒಂದೂ ದೂರು ಬರಬಾರದು. ಬಂತೋ, ಮತ್ತೆ ಮೊದಲಿಂದ ಎಣಿಸಬೇಕು."

"ಆರು ತಿಂಗಳು ತಾನೆ ಸಾರ್, ಆಗಲಿ" ಅಂದೆ. ಅವತ್ತೇ ಹೆಂಡತಿಗೆ ಕಾಗದ ಹಾಕಿದೆ, ಸಾಮಾನು ಕಟ್ಕೊಳ್ಳೋಕೆ ಶುರುಮಾಡು ಅಂತ. ಎಂಥ ಪೆದ್ದ ನಾನು.

೧. ಮಂಗಳವಾರದ ಮುದ್ದೆ

ನಮ್ಮಲ್ಲಿ ದಿನಾ ಮುದ್ದೆ. ಆ ಕಡೆ ಹುಡುಗರು ಮುದ್ದೆಯನ್ನ ಕಂಡೇ ಇರಲಿಲ್ಲ. ನುಂಗ್ರೋ ಅಂದರೆ ಅಗಿಯೋರು. ಅಗಿದರೆ ಅದು ಹಲ್ಲಿಗೆ ಮೆತ್ತಿಕೊಳ್ಳೋದು. ಮೊದಮೊದಲು ಅಳೋರು, ಆಮೇಲೆ ತಟ್ಟೆ ಖಾಲಿ ಆಗೋಕೆ ಶುರುವಾಯಿತು. ಅಬ್ಬ, ಅಭ್ಯಾಸ ಆಯಿತಲ್ಲ ಅಂತ ನಾನು ಬೀಗಿದೆ. ಎರಡು ತಿಂಗಳು ಒಂದು ದೂರಿಲ್ಲ.

ಒಂದು ಸಾಯಂಕಾಲ ಪಕ್ಕದ ಹೊಸ ಮನೆಯವರು ಬಂದರು. ರಿಟೈರಾದ ಆಫೀಸರು, ಮುಂದಿನ ಕಿಟಕಿಗೆ ಆಗ ತಾನೇ ಹೂವಿನ ಗಾಜು ಹಾಕಿಸಿದ್ದವರು. ಕೈಯಲ್ಲಿ ಹಳೇ ಬನಿಯನ್ ಬಟ್ಟೆ ಸುತ್ತಿದ ಒಂದು ಉಂಡೆ.

"ವಾರ್ಡನ್ನರೇ, ನಿಮ್ಮ ಹುಡುಗರು ನಮ್ಮ ಕಿಟಕಿಗೆ ಕಲ್ಲು ಹೊಡೆದಿದಾರೆ. ಬಟ್ಟೆ ಸುತ್ತಿ ಹೊಡೆದಿದಾರೆ."

ನಾನು ಬಟ್ಟೆ ಬಿಚ್ಚಿದೆ. ಮೂಸಿದೆ. ಆಗ ಬಾಯಿ ಮುಚ್ಕೊಂಡಿದ್ದರೆ ಸಾಕಾಗಿತ್ತು. "ಕಲ್ಲಲ್ಲ ಸಾರ್ ಇದು, ಮುದ್ದೆ" ಅಂದುಬಿಟ್ಟೆ.

"ಮುದ್ದೆಗೆ ಗಾಜು ಒಡೆಯುತ್ತೇನ್ರೀ?" ಅಂತ ಅವರು ನೆಟ್ಟಗೆ ಅಧ್ಯಕ್ಷರ ಮನೆಗೆ ಹೋದರು.

ಮಾರನೇ ದಿನ ವಿಚಾರಣೆ. ಹುಡುಗರು ತಟ್ಟೆಯ ಮುದ್ದೆಯನ್ನ ಚಡ್ಡಿ ಜೇಬಿಗೆ ಸೇರಿಸಿ, ತಾರಸಿ ಮೇಲೆ ಮೂರು ದಿನ ಬಿಸಿಲಿಗಿಟ್ಟು, ಮೇಲೆ ಬಟ್ಟೆ ಸುತ್ತಿ ಕ್ರಿಕೆಟ್ ಆಡ್ತಾ ಇದ್ದರು. ಅಧ್ಯಕ್ಷರು ಉಂಡೆಯನ್ನ ಟೀಪಾಯಿ ಮೇಲೆ ಕುಟ್ಟಿ ನೋಡಿದರು. ಟೀಪಾಯಿ ಮೇಲೆ ಗುರುತು ಬಿತ್ತು. "ಇಂಥ ಅಡುಗೆ ಹಾಕ್ತೀರಾ ಮಕ್ಕಳಿಗೆ?" ಅಂತ ನನ್ನನ್ನೇ ಕೇಳಿದರು. ನಾನು ಅಡುಗೆ ಭಟ್ಟರನ್ನ ಕರೆಸಿದೆ. ಭಟ್ಟರು ಉಂಡೆಯನ್ನ ತಿರುಗಿಸಿ ತಿರುಗಿಸಿ ನೋಡಿ ಬಹಳ ಗಂಭೀರವಾಗಿ ಹೇಳಿದರು, "ಇದು ಮಂಗಳವಾರದ್ದು ಸಾರ್. ಈಗಿನದು ಇಷ್ಟು ಗಟ್ಟಿ ಬರಲ್ಲ, ರಾಗಿ ಬದಲಾಗಿದೆ."

ನನ್ನ ಎರಡು ತಿಂಗಳು ಮಣ್ಣುಪಾಲಾಯಿತು. ಮತ್ತೆ ಒಂದರಿಂದ ಎಣಿಕೆ. ಜೊತೆಗೆ ಹೊಸ ಅಪ್ಪಣೆ ಬೇರೆ, ಇನ್ನು ಮೇಲೆ ಒಬ್ಬೊಬ್ಬ ಹುಡುಗನೂ ಮುದ್ದೆ ನುಂಗೋದನ್ನ ವಾರ್ಡನ್ ಎದುರಿಗೆ ಕೂತು ನೋಡಬೇಕು. ಅರವತ್ತೆರಡು ಗಂಟಲು ನೋಡ್ಕೊಂಡು ಕೂತೆ. ನನ್ನ ಮಗಳು ಊಟ ಮಾಡಿದಳೋ ಇಲ್ಲವೋ ನೋಡೋ ಭಾಗ್ಯ ಇಲ್ಲ, ಊರ ಮಕ್ಕಳ ಗಂಟಲು ಕಾಯೋ ಕರ್ಮ.

ಅಧ್ಯಕ್ಷರು ಹೊರಡೋ ಮುಂಚೆ, ಬ್ಯಾಟ್ ಹಿಡಿದಿದ್ದ ಹುಬ್ಬಳ್ಳಿ ಹುಡುಗನನ್ನ ಕೇಳಿದರು, "ಅನ್ನ ದೇವರು ಕಣೋ. ಯಾಕೆ ತಿನ್ನಲಿಲ್ಲ?"

ಅವನು ಕೈ ಕಟ್ಟಿ ನಿಂತು ಹೇಳಿದ, "ನಮ್ಮ ಕಡೆ ರೊಟ್ಟಿ ತಿಂತೀವ್ರಿ ಸರ. ಇದನ್ನ ಆಡ್ತೀವ್ರಿ."

೨. ಬೋರ್ಡಿನ ಕಾಗದ

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯೋದು, ಸ್ನಾನ, ಅದಾದ ಮೇಲೆ ಮನೆಗೆ ಕಾಗದ. ಒಬ್ಬೊಬ್ಬನಿಗೆ ಒಂದೊಂದು ಕಾರ್ಡು. ಹಿಂದೆ ಅವರವರಿಗೆ ತೋಚಿದ್ದನ್ನ ಬರೆಯೋಕೆ ಬಿಟ್ಟಿದ್ದೆ. ಗದಗಿನ ಹುಡುಗನೊಬ್ಬ "ಅವ್ವಾ, ತಿಗಣಿ ನನ್ನ ಅರ್ಧ ತಿಂದಾವು, ಉಳಿದರ್ಧ ಇರೂದರೊಳಗ ಬಂದು ನೋಡಿ ಹೋಗು" ಅಂತ ಬರೆದ. ಆ ತಾಯಿ ಅಳ್ತಾ ಬಂದಿಳಿದರು. ಅವತ್ತಿನಿಂದ ಅಧ್ಯಕ್ಷರ ಕಾನೂನು ಏನಂದರೆ, ಕಾಗದವನ್ನ ವಾರ್ಡನ್ ಬೋರ್ಡಿನ ಮೇಲೆ ಬರೆಯಬೇಕು, ಹುಡುಗರು ನೋಡಿ ಇಳಿಸಿಕೊಳ್ಳಬೇಕು.

ನಾನು ಬರೀತಿದ್ದದ್ದು ಇಷ್ಟು: "ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಊಟ ತಿಂಡಿ ಚೆನ್ನಾಗಿದೆ. ನಮ್ಮ ವಾರ್ಡನ್ನರು ನನ್ನನ್ನು ತಂದೆಯಂತೆ ನೋಡಿಕೊಳ್ಳುತ್ತಾರೆ. ನನ್ನ ಬಗ್ಗೆ ಚಿಂತೆ ಬೇಡ." ನನ್ನನ್ನ ನಾನೇ ಹೊಗಳಿ ಬರೆಯೋವಾಗ ಮೊದಲು ನಾಚಿಕೆ ಆಗ್ತಿತ್ತು. ಬರೀತಾ ಬರೀತಾ ಅದೂ ಹೋಯಿತು.

ಅದೇ ಬೋರ್ಡಿನ ಕೆಳಗೆ ಅಡುಗೆ ಭಟ್ಟರು ತಮಗೆ ಬೇಕಾದ ಸಾಮಾನಿನ ಪಟ್ಟಿ ಬರೆದಿಡೋರು. ದಾವಣಗೆರೆಯ ಐದನೇ ಕ್ಲಾಸಿನ ಹುಡುಗ, ಬಹಳ ವಿಧೇಯ. ಬೋರ್ಡಿನಲ್ಲಿ ಇದ್ದದ್ದನ್ನೆಲ್ಲ ಇಳಿಸಿಕೊಂಡ. ನಾನು ನೋಡದೆ ಅಂಚೆ ಡಬ್ಬಿಗೆ ಹಾಕಿಸಿದೆ.

ನಾಲ್ಕನೇ ದಿನಕ್ಕೆ ಅವನ ಅಪ್ಪ ಬಂದರು. ಒಂದು ಹೆಗಲ ಮೇಲೆ ಬೆಲ್ಲದ ಚೀಲ, ಕಂಕುಳಲ್ಲಿ ನಾಲ್ಕು ಪೊರಕೆ, ಕೈಯಲ್ಲಿ ಸೀಮೆಎಣ್ಣೆ ಡಬ್ಬ. ರೈಲಿನಲ್ಲಿ ಆ ಡಬ್ಬವನ್ನ ಪಂಚೆ ಒಳಗೆ ಮುಚ್ಚಿಟ್ಟು ತಂದಿದ್ದರಂತೆ.

"ಮಗ ಬೇಗ ಬೇಕು ಅಂತ ಬರ್ದಿದ್ದ ಸಾರ್. ಬೆಲ್ಲ ತಿನ್ನಾಕೆ ಅನ್ಕಂಡೆ. ಸೀಮೆಎಣ್ಣೆ ಓದಾಕೆ ದೀಪಕ್ಕೆ ಅನ್ಕಂಡೆ. ಪೊರಕೆ ಯಾಕೆ ಅಂತ ಮಾತ್ರ ತಿಳೀಲಿಲ್ಲ. ನಮ್ಮ ಹುಡುಗನ ಕೈಲಿ ಕಸ ಹೊಡೆಸ್ತೀರೇನು?"

ನಾನು ನಗ್ತಾ ವಿಷಯ ಹೇಳಿದೆ. ಬೋರ್ಡ್ ತೋರಿಸಿದೆ. ಅದು ಇನ್ನೂ ಅಳಿಸಿರಲಿಲ್ಲ. ಆತ ಬೋರ್ಡಿನ ಮುಂದೆ ನಿಂತು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು. ಓದಿದ ಮೇಲೆ ನಾನು ನಗೋದು ನಿಲ್ಲಿಸಿದೆ.

"ಅವನ ಕಾಗದ ಎಲ್ಲಾ ಇದೇನಾ ಸಾರ್? ಒಂದೊಂದನ್ನೂ ಪೆಟ್ಟಿಗೆಯಾಗೆ ಇಟ್ಕಂಡೀನಿ ನಾನು. ಅವರಮ್ಮನಿಗೆ ವಾರವಾರ ಓದಿ ಹೇಳ್ತೀನಿ."

ನಾನು ಡಸ್ಟರ್ ತಗೊಂಡು ಬೋರ್ಡ್ ಒರೆಸೋಕೆ ಹೋದೆ.

"ಹಂಗಾರೆ ಪೊರಕೆನೂ ಅವನು ಕೇಳಿದ್ದಲ್ಲ" ಅಂದರು. ಆಮೇಲೆ ಅಧ್ಯಕ್ಷರ ಮನೆ ಎಲ್ಲಿ ಅಂತ ಕೇಳಿದರು. ದಾರಿಯನ್ನ ನಾನೇ ಹೇಳಿದೆ. ನಾಲ್ಕು ತಿಂಗಳು ತುಂಬೋಕೆ ಐದು ದಿನ ಇತ್ತು. ಮತ್ತೆ ಒಂದರಿಂದ. ಪೊರಕೆ ಚೆನ್ನಾಗಿದ್ದವು ಅಂತ ಭಟ್ಟರು ವರ್ಷವಿಡೀ ಹೊಗಳಿದರು.

ಇದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹುಡುಗರು ಬರೆಯುವಾಗ ನಾನೂ ಒಂದು ಕಾರ್ಡು ಇಟ್ಕೊಂಡು ಹೆಂಡತಿಗೆ ಬರೀತಿದ್ದೆ. ಆ ಭಾನುವಾರ ಇಬ್ಬರು ಹುಡುಗರು ಮಸಿ ಚೆಲ್ಲಾಡಿ ಹೊಡೆದಾಡ್ತಾ ಇದ್ದರು. ಅವರನ್ನ ಗದರಿಸ್ತಾ, ಬೋರ್ಡ್ ನೋಡ್ತಾ, ಕೈ ತಾನೇ ಬರೆದುಬಿಟ್ಟಿದೆ. ಅವಳು ಏಳನೇ ಕ್ಲಾಸು ಓದಿದವಳು. ಉತ್ತರ ಬಂತು: "ನಿಮ್ಮ ವಾರ್ಡನ್ನರು ನಿಮ್ಮನ್ನು ತಂದೆಯಂತೆ ನೋಡಿಕೊಳ್ಳುತ್ತಾರೆಂದು ತಿಳಿದು ಸಂತೋಷವಾಯಿತು. ಅಷ್ಟು ಒಳ್ಳೆಯವರಾದರೆ, ಸೊಸೆ ಮೊಮ್ಮಗಳನ್ನು ಯಾವಾಗ ಕರೆಸಿಕೊಳ್ಳುತ್ತಾರೆಂದು ಕೇಳಿ ತಿಳಿಸಿ."

೩. ಕನ್ನಡಕ ತೆಗೆದದ್ದು

ನಮ್ಮ ಹುಡುಗರಿಗೆ ಆಟ ಪಾಠ ಬಿಟ್ಟು ಇನ್ನೊಂದು ಕೆಲಸ ಇತ್ತು, ಸಭೆ ತುಂಬೋದು. ರಾಜಾಜಿನಗರ, ಬಸವೇಶ್ವರನಗರದಲ್ಲಿ ಶಾಲೆಗೆ ದಾನ ಕೊಟ್ಟವರ ಮನೆಯಲ್ಲಿ ಏನೇ ಸಮಾರಂಭ ಆಗಲಿ, "ವಾರ್ಡನ್ನರೇ, ಹುಡುಗರನ್ನ ಕರ್ಕೊಂಡು ಬನ್ನಿ" ಅಂತ ಅಧ್ಯಕ್ಷರು ಹೇಳಿ ಕಳಿಸೋರು. ಕುರ್ಚಿ ಖಾಲಿ ಕಾಣಬಾರದು, ಅಷ್ಟೇ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಐದಕ್ಕೆ ಎರಡು ಸಾಲು ಮಾಡಿ ಇಸ್ತ್ರಿ ಇಲ್ಲದ ಬಿಳಿ ಅಂಗಿ ಹಾಕಿಸಿ ಹೊರಡಿಸ್ತಿದ್ದೆ. ಮೈದಾನದಲ್ಲಿ ಬೆವರು ಸುರಿಸೋ ವಯಸ್ಸಿನಲ್ಲಿ ಪಾಪದವು ಯಾರದೋ ಗುಣಗಾನ ಕೇಳ್ತಾ ತೂಕಡಿಸೋವು.

ತೂಕಡಿಸಿದರೂ ಚಿಂತೆ ಇರಲಿಲ್ಲ. ಚಪ್ಪಾಳೆ ಎಲ್ಲಿ ತಟ್ಟಬೇಕು ಗೊತ್ತಾಗ್ತಿರಲಿಲ್ಲ. ಒಂದು ಸಲ ಮೈಕ್ ಕೆಟ್ಟು ಕೀಂ ಅಂದದ್ದಕ್ಕೆ ತಟ್ಟಿದ್ದರು. ಅದಕ್ಕೆ ಒಂದು ಗುರುತು ಮಾಡಿದ್ದೆ. ನಾನು ಮುಂದೆ ಪಕ್ಕಕ್ಕೆ ಕೂತ್ಕೊಳ್ಳೋದು. ನಾನು ಕನ್ನಡಕ ತೆಗೆದರೆ ತಟ್ಟಬೇಕು, ಹಾಕ್ಕೊಂಡರೆ ನಿಲ್ಲಿಸಬೇಕು. ಭಾಷಣ ಕೇಳೋ ಕಷ್ಟವೇ ಇಲ್ಲ, ನನ್ನ ಮೂಗು ನೋಡ್ತಾ ಕೂತರೆ ಸಾಕು. ಬಹಳ ಚೆನ್ನಾಗಿ ನಡೀತಿತ್ತು.

ಐದನೇ ತಿಂಗಳು. ನಮ್ಮ ಊಟದ ಮನೆಗೆ ಮೇಲ್ಛಾವಣಿ ಹಾಕಿಸಿಕೊಟ್ಟಿದ್ದ ಹಿರಿಯರೊಬ್ಬರು ತೀರಿಕೊಂಡರು. ರಾಜಾಜಿನಗರದಲ್ಲಿ ಶ್ರದ್ಧಾಂಜಲಿ ಸಭೆ. ಹೊರಡೋ ಮುಂಚೆ ಹುಡುಗರಿಗೆ ಹೇಳಿದೆ, "ಇವತ್ತು ಸತ್ತೋರ ಸಭೆ ಕಣ್ರೋ. ನಾನು ಕನ್ನಡಕ ಮುಟ್ಟೋದೇ ಇಲ್ಲ. ಸುಮ್ಮನೆ ತಲೆ ತಗ್ಗಿಸಿ ಕೂತಿರಿ." ಎಲ್ಲರೂ ಹೂಂ ಅಂದರು.

ಅವತ್ತು ಮಧ್ಯಾಹ್ನ ಭಾವಮೈದನ ಕಾರ್ಡು ಬಂದಿತ್ತು. ಮಗೂಗೆ ನಾಲ್ಕು ದಿನದಿಂದ ಜ್ವರ, ಅಪ್ಪ ಎಲ್ಲಿ ಅಂತ ಕನವರಿಸ್ತಾ ಇದೆ, ರಜ ಸಿಕ್ಕಿದರೆ ಬಂದು ಹೋಗಿ ಅಂತ. ರಜ ಕೇಳೋಕೆ ಹೋದರೆ ಅಧ್ಯಕ್ಷರು "ಸಭೆ ಮುಗೀಲಿ, ನೋಡೋಣ" ಅಂದಿದ್ದರು. ಕಾರ್ಡು ಜೇಬಿನಲ್ಲಿತ್ತು.

ತೀರಿಕೊಂಡವರ ಹಿರೀ ಮಗ ಮಾತಾಡೋಕೆ ನಿಂತರು. "ಅಪ್ಪ ಇಲ್ಲದ ಮನೆ ಏನು ಅಂತ ಈಗ ಗೊತ್ತಾಗ್ತಾ ಇದೆ. ಬಾಗಿಲು ಸದ್ದಾದರೆ ಅವರೇ ಬಂದರೇನೋ ಅಂತ ತಿರುಗಿ ನೋಡ್ತೀವಿ. ಮಕ್ಕಳು ಅವರ ಚಪ್ಪಲಿ ತಂದು ಬಾಗಿಲಲ್ಲಿಟ್ಟು ಕಾಯ್ತಾ ಕೂತಿರ್ತಾವೆ" ಅಂದರು.

ನನಗೆ ತಡೆಯೋಕಾಗಲಿಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣ ಅಂತ ಕನ್ನಡಕ ತೆಗೆದೆ.

ಅರವತ್ತೆರಡು ಹುಡುಗರು ಛಾವಣಿ ಕಿತ್ತು ಹೋಗೋ ಹಾಗೆ ಚಪ್ಪಾಳೆ ತಟ್ಟಿದರು. ನಿಲ್ಲಿಸಬೇಕಾದರೆ ನಾನು ಕನ್ನಡಕ ಹಾಕ್ಕೋಬೇಕು. ಕಣ್ಣೀರಿನಲ್ಲಿ ಅದು ಕೈ ಜಾರಿ ಕುರ್ಚಿ ಕೆಳಗೆ ಬಿತ್ತು. ನಾನು ಬಗ್ಗಿ ತಡಕ್ತಾ ಇದೀನಿ, ಇವರು ತಟ್ತಾನೇ ಇದಾರೆ. ಆ ಮಗ ಮಾತು ನಿಲ್ಲಿಸಿ ನಿಂತುಬಿಟ್ಟರು. ಕೊನೆಗೂ ಕನ್ನಡಕ ಸಿಕ್ಕಿತು, ಹಾಕ್ಕೊಂಡೆ, ಸಭೆ ಒಂದೇ ಸಲಕ್ಕೆ ತಣ್ಣಗಾಯಿತು.

ಆ ನಿಶ್ಶಬ್ದದಲ್ಲಿ, ಅಷ್ಟು ಹೊತ್ತೂ ತೂಕಡಿಸ್ತಾ ಇದ್ದು ಚಪ್ಪಾಳೆಗೆ ಎಚ್ಚರ ಆದ ಹಿಂದಿನ ಸಾಲಿನವನೊಬ್ಬ, ನಾಟಕಕ್ಕೆ ಬಂದಿದೀವಿ ಅಂದ್ಕೊಂಡು ಜೋರಾಗಿ "ಒನ್ಸ್ ಮೋರ್" ಅಂದ.

೪. ಸೀಬೆಹಣ್ಣು ಕೊಳೆತವು

ಸಭೆ ಮುಗಿಯೋಷ್ಟರಲ್ಲಿ ಆ ಮನೆಯವರ ದೂರು ಅಧ್ಯಕ್ಷರ ಕಿವಿ ಮುಟ್ಟಿತ್ತು, ಮತ್ತೆ ಒಂದರಿಂದ ಎಣಿಕೆ, ರಜದ ಮಾತೂ ಹೋಯಿತು. ಹಾಸ್ಟೆಲ್ ಅಂಗಳಕ್ಕೆ ಬಂದ ಮೇಲೆ, ಮುದ್ದೆ ಆಡ್ತಿದ್ದ ಹುಬ್ಬಳ್ಳಿ ಹುಡುಗ ಮುಂದೆ ಬಂದ.

"ಕನ್ನಡಕ ಮುಟ್ಟೂದಿಲ್ಲ ಅಂದಿದ್ರಿ ಸರ. ಯಾಕ್ ತೆಗದ್ರಿ?"

"ಮಗಳಿಗೆ ಜ್ವರ ಕಣೋ."

"ನಿಮಗ ಮಗಳದಾಳೇನ್ರಿ?"

ಅವರು ನಾನು ಹಾಸ್ಟೆಲ್ ಕಟ್ಟಡದ ಜೊತೆಗೇ ಹುಟ್ಟಿದೋನು ಅಂತ ತಿಳಿದಿದ್ದರೋ ಏನೋ. ನನಗೂ ಅವತ್ತು ಬಾಯಿ ಕಟ್ಟೋಕೆ ಆಗಲಿಲ್ಲ. ಆ ಕ್ವಾರ್ಟರ್ಸ್, ಆ ಆರು ತಿಂಗಳು, ಹೆಂಡತಿ, ಅವಳ ಅತ್ತಿಗೆ ಪಾತ್ರೆ ಕುಕ್ಕೋದು, ಎಲ್ಲಾ ಹೇಳಿಬಿಟ್ಟೆ. ನಿಮ್ಮಿಂದ ನನ್ನ ಸಂಸಾರ ಹಾಳಾಯಿತು ಕಣ್ರೋ ಅಂತಲೂ ಅಂದೆ. ಮಕ್ಕಳ ಮುಂದೆ ಅನ್ನಬಾರದಿತ್ತು. ಅಂದೆ.

ಹುಡುಗರು ಗುಂಪು ಕೂಡಿ ಏನೋ ಪಿಸಿಪಿಸಿ ಮಾಡಿದರು. ಆಮೇಲೆ ಅವನೇ ಬಂದು ಕೇಳಿದ, "ಅಮ್ಮಾರಿಗೆ ಜ್ವಾಳದ ರೊಟ್ಟಿ ಬಡಿಯಾಕ ಬರ್ತೈತೇನ್ರಿ?"

"ಓ, ಬರುತ್ತೆ" ಅಂದೆ. ಅವಳು ಜನ್ಮದಲ್ಲಿ ಜೋಳದ ರೊಟ್ಟಿ ಬಡಿದೋಳಲ್ಲ. ಮಾರನೇ ದಿನವೇ ಕಲಿತುಕೋ ಅಂತ ಕಾಗದ ಹಾಕಿದೆ. ಮಗಳ ಜ್ವರ ಬಿಟ್ಟಿದೆ ಅಂತ ಉತ್ತರ ಬಂತು, ರೊಟ್ಟಿ ಹರೀತಾ ಇದೆ, ಕಲೀತೀನಿ ಅಂತಲೂ ಬಂತು.

ಅಲ್ಲಿಂದ ನಮ್ಮ ಹುಡುಗರು ಕೆಟ್ಟರು. ಅಂದರೆ ಒಳ್ಳೆಯವರಾದರು. ಆಟದಲ್ಲಿ ಔಟಾದರೆ ಜಗಳ ಇಲ್ಲ, ತಲೆ ತಗ್ಗಿಸಿ ಹೋಗಿಬಿಡೋರು. ಚೆಂಡು ಪಕ್ಕದ ಕಾಂಪೌಂಡಿಗೆ ಹೋದರೆ ಆಟ ಅಲ್ಲಿಗೇ ಬಂದ್. ಒಬ್ಬರ ಮೇಲೊಬ್ಬರು ಕಾವಲು. ಯಾವನಾದರೂ ಬೇಲಿ ಕಡೆ ನೋಡಿದರೆ ಸಾಕು, ದೊಡ್ಡ ಹುಡುಗರು "ಏ, ಅಮ್ಮಾರ ಬರೂದು ಬ್ಯಾಡೇನ?" ಅಂತ ಕಿವಿ ಹಿಂಡೋರು. 

ಮೂರು ತಿಂಗಳಾದ ಮೇಲೆ ಪಕ್ಕದ ಮನೆ ಆಫೀಸರು ಬಂದರು. ಉಂಡೆ ಏನಾದರೂ ಇದೆಯಾ ಅಂತ ನಾನು ಮೊದಲು ಅವರ ಕೈ ನೋಡಿದೆ. ಅವರು ಮೆಲ್ಲಗೆ ಕೇಳಿದರು, "ಹಾಸ್ಟೆಲ್ಲಿನಲ್ಲಿ ಕಾಯಿಲೆ ಗೀಯಿಲೆ ಏನಾದ್ರೂ ಬಂದಿದ್ಯಾ? ಒಂದು ಸದ್ದೂ ಇಲ್ವಲ್ಲ. ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದಾವೆ, ಅದಕ್ಕೆ ಕೇಳ್ದೆ."

ಐದನೇ ತಿಂಗಳು, ಹಿಂದಿನ ತೋಟದ ಗೌಡರು. ಅವರು ಸೀಬೆಹಣ್ಣು ಕಾಯೋದಕ್ಕೆ ಅಂತಲೇ ಕವಣೆ ಕಲ್ಲು ಇಟ್ಕೊಂಡು ಕೂರ್ತಿದ್ದೋರು. ಬಂದೋರೇ ಕಟ್ಟೆ ಮೇಲೆ ಕೂತರು.

"ಸಾಮಿ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ನಮ್ ಹಣ್ಣಾಗೆ ಏನಾದ್ರೂ ಹುಳ ಕಂಡಿದ್ರಾ ಹುಡುಗ್ರು?"

"ಇಲ್ಲವಲ್ಲ ಗೌಡರೇ, ಯಾಕೆ?"

"ಮತ್ಯಾಕೆ ಯಾರೂ ಕದೀತಿಲ್ಲ? ಮರದಾಗೇ ಕೊಳೀತಾ ಅವೆ. ನಾನು ನೋಡ್ನಾರ್ದೆ ಬೆನ್ನು ಬೇರೆ ತಿರುಗಿಸಿ ಕೂತೆ. ಆದ್ರೂ ಬರ್ನಿಲ್ಲ."

ಅವರು ಇದನ್ನ ಹೋಗಿ ಅಧ್ಯಕ್ಷರಿಗೆ ಹೇಳಿಬಿಟ್ಟರೆ ದೂರು ಅಂತ ಲೆಕ್ಕ ಆಗುತ್ತೋ ಏನೋ ಅಂತ ಹೆದರಿ, ಇಬ್ಬರು ಚಿಕ್ಕ ಹುಡುಗರನ್ನ ಕರೆದು, ಹೋಗಿ ಗೌಡರ ತೋಟದಲ್ಲಿ ಎರಡು ಹಣ್ಣು ಕದ್ದುಬನ್ರೋ ಅಂತ ನಾನೇ ಕಳಿಸಿದೆ. ಅವರು ಹೋಗಿ ಗೌಡರ ಮುಂದೆ ಕೈ ಮುಗಿದು, "ಕದಿಯಾಕ ವಾರ್ಡನ್ ಸರ್ ಕಳಿಸ್ಯಾರ್ರಿ" ಅಂದರು.

೫. ಶಾಲು

ಅಂತೂ ಆರು ತಿಂಗಳು ತುಂಬಿತು. ಒಂದೂ ದೂರಿಲ್ಲ. ಅಧ್ಯಕ್ಷರ ಮನೆಗೆ ಹೋದೆ. ಅವರು ಎದ್ದು ಬಂದು ಕೈ ಹಿಡ್ಕೊಂಡರು. "ಭೇಷ್ ಕಣ್ರೀ. ವಾರ್ಷಿಕೋತ್ಸವದ ದಿನ ವೇದಿಕೆ ಮೇಲೇ ಹೇಳ್ತೀನಿ. ನಿಮ್ಮ ಮನೆಯವರನ್ನೂ ಕರೆಸಿ, ಅವರೂ ನೋಡಲಿ" ಅಂದರು.

ಮನೆಯವರನ್ನೂ ಕರೆಸಿ ಅಂದ ಮೇಲೆ ಇನ್ನೇನು ಅರ್ಥ ಮಾಡಿಕೊಳ್ಳಬೇಕು ಮನುಷ್ಯ?

ಜನವರಿ ತಿಂಗಳ ಆ ದಿನ ಬೆಳಿಗ್ಗೆ ನನ್ನ ಹೆಂಡತಿ ಸಂಸಾರ ಸಮೇತ ಬಂದಿಳಿದಳು. ಒಂದು ಟ್ರಂಕು, ಹಾಸಿಗೆ ಸುರುಳಿ, ಈಳಿಗೆಮಣೆ, ರೊಟ್ಟಿ ಹಂಚು, ಡಬ್ಬದಲ್ಲಿ ತುಳಸಿ ಗಿಡ, ಕೈಯಲ್ಲಿ ಮಗಳು. ಅಣ್ಣನ ಮನೆಯಲ್ಲಿ ಅರಿಶಿನ ಕುಂಕುಮ ತಗೊಂಡು, ಇನ್ನು 'ಹೋಗಿಬರ್ತೀನಿ' ಅಂತ ಎಲ್ಲರಿಗೂ ಹೇಳಿ ಬಂದಿದ್ದಳು. ಅತ್ತಿಗೆ ಅವತ್ತು ಪಾತ್ರೆಯನ್ನ ಬಹಳ ಮೆತ್ತಗೆ ಇಟ್ಟರಂತೆ.

ಹುಡುಗರು ಬಸ್ ಸ್ಟಾಪಿಗೇ ಬಂದಿದ್ದರು. ಸಾಮಾನನ್ನ ನನಗೆ ಮುಟ್ಟಗೊಡಲಿಲ್ಲ. ಎಲ್ಲಾ ಹೊತ್ತುಕೊಂಡು ಹೋಗಿ ಕ್ವಾರ್ಟರ್ಸ್ ಜಗಲಿ ಮೇಲಿಟ್ಟರು. ಇವಳು ಬೀಗ ಹಾಕಿದ ಬಾಗಿಲಿನ ಸಂದಿಯಿಂದ ಒಳಗೆ ಇಣುಕಿ ನೋಡಿ, "ಒಲೆ ಕಿಟಕಿ ಹತ್ರ ಇದೆ, ಹೊಗೆ ಆಚೆ ಹೋಗುತ್ತೆ" ಅಂದಳು. ಮಗಳು ನುಗ್ಗೆಮರದ ಸುತ್ತ ಓಡಿದಳು. ಇವಳು ಗಂಟಿನಲ್ಲಿ ರೊಟ್ಟಿ ತಂದಿದ್ದಳು, ಹುಡುಗರು ಜಗಲಿ ಮೇಲೇ ಕೂತು ತಿಂದರು. ರೊಟ್ಟಿ ಸ್ವಲ್ಪ ದಪ್ಪ ಆಗಿತ್ತು. ಯಾವನೂ ಹೇಳಲಿಲ್ಲ.

ಮಧ್ಯಾಹ್ನ ಸಭೆ. ನನ್ನನ್ನ ವೇದಿಕೆ ಮೇಲೆ ಕೂರಿಸಿದರು. ಇವಳು ಮಗಳನ್ನ ತೊಡೆ ಮೇಲಿಟ್ಟುಕೊಂಡು ಎರಡನೇ ಸಾಲಿನಲ್ಲಿ. ಅಧ್ಯಕ್ಷರು ಎದ್ದು ನಿಂತು ನನಗೆ ಶಾಲು ಹೊದಿಸಿ ಮೈಕ್ ಹಿಡಿದರು.

"ಈ ಹುಡುಗರಿಗೆ ಇಷ್ಟು ಶಿಸ್ತು ಹೇಗೆ ಬಂತು ಅಂತ ಎಲ್ಲರೂ ನನ್ನನ್ನ ಕೇಳ್ತಾರೆ. ಗುಟ್ಟು ಹೇಳ್ತೀನಿ. ನಮ್ಮ ವಾರ್ಡನ್ನರಿಗೆ ಇಲ್ಲಿ ಸಂಸಾರದ ಜಂಜಾಟ ಇಲ್ಲ. ಒಂಟಿಯಾಗಿದ್ದು, ಹೊತ್ತು ಗೊತ್ತು ನೋಡದೆ ಹುಡುಗರನ್ನ ನೋಡ್ಕೋತಾರೆ. ಅದಕ್ಕೇ ಸಮಿತಿ ಒಂದು ತೀರ್ಮಾನ ಮಾಡಿದೆ. ಇಷ್ಟು ಚೆನ್ನಾಗಿ ನಡೀತಿರೋ ವ್ಯವಸ್ಥೆಯನ್ನ ನಾವು ಕೆಡಿಸಬಾರದು. ಅವರು ಹೀಗೇ ಇರಲಿ. ಹಿಂದಿನ ಕ್ವಾರ್ಟರ್ಸನ್ನ ವಾಚನಾಲಯ ಮಾಡ್ತೀವಿ. ಮಕ್ಕಳು ಬಿಡುವಿನ ಹೊತ್ತಿನಲ್ಲಿ ಅಲ್ಲಿ ಕೂತು ಓದಲಿ."

ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗರು ತಟ್ಟಲಿಲ್ಲ. ಇವಳು ಮಗಳ ಜಡೆಯ ರಿಬ್ಬನ್ ಸರಿಮಾಡ್ತಾ ಕೂತಿದ್ದಳು.

ಸಭೆ ಮುಗಿದ ಮೇಲೆ ಅಧ್ಯಕ್ಷರ ಹಿಂದೆ ಓಡಿದೆ. "ಸಾರ್, ಕೊಡ್ತೀನಿ ಅಂದಿದ್ರಿ. ಅವರು ಸಾಮಾನು ಸಮೇತ ಬಂದಿದಾರೆ."

"ಹೇಳಿದ್ದೆ, ಇಲ್ಲ ಅನ್ನಲ್ಲ. ಆದರೆ ಸಂಸಾರ ಇಲ್ಲದೇನೇ ಹೀಗೆ ನಡೆಸಬಹುದು ಅಂತ ನೀವೇ ತೋರಿಸಿಕೊಟ್ರಲ್ಲ" ಅಂದು, ಬೆನ್ನು ತಟ್ಟಿ ಕಾರು ಹತ್ತಿದರು.

ಕೆಟ್ಟರೂ ಕೊಡಲ್ಲ, ನೆಟ್ಟಗಿದ್ದರೂ ಕೊಡಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಅರವತ್ತೆರಡು ಮಕ್ಕಳ ಆರು ತಿಂಗಳ ಆಟ, ಜಗಳ, ಸೀಬೆಹಣ್ಣು ಎಲ್ಲಾ ಸುಮ್ಮನೆ ಹಾಳು ಮಾಡಿದೆ. ಹುಡುಗರು ಜಗಲಿ ಮೇಲಿನ ಸಾಮಾನು ಮತ್ತೆ ಹೊತ್ತರು. ಬಸ್ ಸ್ಟಾಪಿನಲ್ಲಿ ಹುಬ್ಬಳ್ಳಿ ಹುಡುಗ ನನ್ನ ಪಕ್ಕ ಬಂದು ನಿಂತು ಕೇಳಿದ, "ಸರ, ನಾಳಿಂದ ನಾವು ಮೊದಲಿನಂಗ ಇರಬಹುದೇನ್ರಿ?"

"ಇರ್ರೋ" ಅಂದೆ.

ಮೆಜೆಸ್ಟಿಕ್ಕಿನಲ್ಲಿ ಸಿರಾ ಬಸ್ಸು ಹೊರಡೋಕೆ ನಿಂತಿತ್ತು. ಸಂಜೆ ಗಾಳಿ ಕೊರೆಯುತ್ತಿತ್ತು. ಟ್ರಂಕನ್ನ ಮೇಲೆ ಹಾಕಿಸಿದೆ. ತುಳಸಿ ಗಿಡವನ್ನ ಅವಳು ಕಾಲ ಹತ್ತಿರ ಇಟ್ಟುಕೊಂಡಳು. ನಾನು ಕಿಟಕಿ ಕೆಳಗೆ ನಿಂತು ಏನೇನೋ ಹೇಳ್ತಾ ಇದ್ದೆ. ಮುಂದಿನ ವರ್ಷ ನೋಡೋಣ, ಬೇರೆ ಕಡೆ ಕೆಲಸ ಹುಡುಕ್ತೀನಿ, ನಿಮ್ಮಣ್ಣನಿಗೆ ನಾನು ಬರೀತೀನಿ ಅಂತ. ಅವಳು ಸೆರಗು ಎಳೆದು ಮಗಳ ಕಾಲು ಮುಚ್ಚಿದಳು. ಡ್ರೈವರ್ ಹತ್ತಿ ಕೂತ. ಮಗಳು ಅವಳ ತೊಡೆ ಮೇಲೆ ನಿದ್ದೆ ಹೋಗಿದ್ದಳು.

ಆಗ ಅವಳು ನನ್ನನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿ, ಕಿಟಕಿಯಿಂದ ಕೈ ಚಾಚಿದಳು.

"ಆ ಶಾಲು ಇತ್ತ ಕೊಡಿ. ಬಸ್ಸಲ್ಲಿ ಚಳಿ ಇರುತ್ತೆ, ಜಂಜಾಟ ಹೊದ್ಕೊಂಡು ಹೋಗುತ್ತೆ."